ಬವಳಿ ಔಷಧದ ಚೌಡವ್ವ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಲೆಕ್ಕವಿಲ್ಲ. ಅವರಲ್ಲಿ ಚೌಡವ್ವನೂ ಒಬ್ಬಳು. ಬರೀ ಚೌಡವ್ವ ಎಂದು ಕೇಳಿದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಬವಳಿ ಔಷಧದ ಚೌಡವ್ವ ಎಂದರೆ ಮಾತ್ರ ಸ್ಟೇಷನ್ ಹತ್ತಿರದ ಆಟೋದವರು ಕೂಡ ದಾರಿ ಕೇಳದೆ ನೇರ ಅವಳ ಬಾಗಿಲಿಗೆ ತಂದು ಇಳಿಸುತ್ತಿದ್ದರು. ತಲೆ ತಿರುಗಿ, ಕಣ್ಣಿಗೆ ಕತ್ತಲೆ ಬಂದು, ನಿಂತ ನೆಲವೇ ಜಾರಿದಂತಾಗುವುದಕ್ಕೆ ಆ ಸೀಮೆಯಲ್ಲಿ ಬವಳಿ ಎನ್ನುತ್ತಾರೆ. ಅದಕ್ಕೆ ಔಷಧ ಕೊಡುವುದು ಚೌಡವ್ವನ ಗಂಡನ ಮನೆಯಲ್ಲಿ ನಡೆದುಬಂದ ಪದ್ಧತಿ. ಮೋಟೆಬೆನ್ನೂರಿನಿಂದ, ಹಾವೇರಿಯಿಂದ, ಒಮ್ಮೊಮ್ಮೆ ಹುಬ್ಬಳ್ಳಿಯಿಂದಲೂ ಜನ ಬರುತ್ತಿದ್ದರು. ಅವಳು ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಔಷಧ ಹತ್ತುವುದಿಲ್ಲ ಎಂದು ಅತ್ತೆ ಹೇಳಿದ್ದಳು.

ಆ ಅತ್ತೆ ನೀಲವ್ವ. ಹದಿನೇಳನೆಯ ವಯಸ್ಸಿನಲ್ಲಿ ಗಳಗನಾಥದಿಂದ ಸೊಸೆಯಾಗಿ ಬಂದ ಚೌಡವ್ವನಿಗೆ ಈ ಔಷಧ ಕಲಿಸಿದವಳು ಅವಳೇ. ಕಲಿಸಿದಳು ಎನ್ನುವುದೂ ಪೂರ್ತಿ ಸರಿಯಲ್ಲ. ನೀಲವ್ವ ಮಾತು ಕಡಿಮೆ ಇದ್ದ ಹೆಂಗಸು. "ಹಿಡಕೋ", "ಒರಸು", "ನೂರು ಎಣಸು" ಇಷ್ಟೇ ಅವಳ ಪಾಠ. ಯಾಕೆ, ಏನು ಎಂದು ಕೇಳಿದರೆ, "ನಮ್ಮತ್ತಿ ಹಿಂಗ ಮಾಡತಿದ್ಲು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಔಷಧದಲ್ಲಿ ಎರಡು ಭಾಗ. ಒಂದು ಕುಡಿಯುವುದು. ಹವೀಜ ಎಂದರೆ ಕೊತ್ತಂಬರಿ ಬೀಜ, ಒಣಗಿಸಿದ ನೆಲ್ಲಿಕಾಯಿ, ಒಣಶುಂಠಿ, ಜೇಷ್ಠಮಧುವಿನ ಬೇರು ಇವನ್ನು ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಮುಂಜಾನೆ ಸೋಸಿ ಖಾಲಿ ಹೊಟ್ಟೆಗೆ ಕುಡಿಯಬೇಕು. ಇನ್ನೊಂದು ಮೂಗಿಗೆ ಹನಿ. ಹಸಿಶುಂಠಿ ಜಜ್ಜಿ ರಸ ತೆಗೆದು, ಬೆಲ್ಲ ಕದಡಿ, ಅರಳೆಯಲ್ಲಿ ಅದ್ದಿ ಹಿಂಡುವುದು. ಈ ಹನಿ ಹಾಕಲು ಮನೆಯಲ್ಲಿ ನುಲಿ ಹೆಣೆದ ಒಂದು ಹೊರಸು ಇತ್ತು. ಬಂದವರನ್ನು ಅದರ ಮೇಲೆ ಅಂಗಾತ ಮಲಗಿಸಿ, ತಲೆ ಮಾತ್ರ ಅಂಚಿನಾಚೆ ಕೆಳಗೆ ಜೋತುಬೀಳುವಂತೆ ಮಾಡುವುದು. ಮೊದಲು ಮುಖವನ್ನು ಬಲಕ್ಕೆ ತಿರುಗಿಸಿ ಒಂದು ಹನಿ, ನೂರು ಎಣಿಕೆ. ಆಮೇಲೆ ಎಡಕ್ಕೆ ತಿರುಗಿಸಿ ಇನ್ನೊಂದು ಹನಿ, ಮತ್ತೆ ನೂರು. ನಂತರ ಮೈಯನ್ನೂ ಎಡಕ್ಕೆ ಹೊರಳಿಸಿ, ಮುಖ ನೆಲದ ಕಡೆ ಮಾಡಿ, ಗಂಟಲಿಗೆ ಇಳಿದದ್ದನ್ನು ಬೂದಿ ತುಂಬಿದ ಬೋಗುಣಿಗೆ ಉಗುಳಿಸುವುದು. ಕೊನೆಗೆ ಮೆಲ್ಲಗೆ ಎಬ್ಬಿಸಿ ಕೂರಿಸುವುದು.

ಶುಂಠಿ ರಸದ ಉರಿಗೆ ಬಂದವರು ಒದ್ದಾಡುತ್ತಿದ್ದರು. ಕಣ್ಣು, ಮೂಗು, ಬಾಯಿ ಎಲ್ಲ ಕಡೆ ನೀರು. ಎದ್ದು ಕುಳಿತ ಮೇಲೆ ಎಷ್ಟೋ ಜನ, "ಹೋತವಾ, ಒಮ್ಮೆಲೇ ಹೋತು" ಎಂದು ಕೈ ಮುಗಿಯುತ್ತಿದ್ದರು. ಆ ಮಾತು ಕೇಳಿದಾಗ ಚೌಡವ್ವನ ಎದೆಯಲ್ಲಿ ಏನೋ ಒಂದು ತುಂಬಿಬರುತ್ತಿತ್ತು. ದಿನವಿಡೀ ಮೆಣಸಿನಕಾಯಿ ರಾಶಿಯ ಮುಂದೆ ಮುಖಕ್ಕೆ ಸೆರಗು ಕಟ್ಟಿ ಕುಳಿತು, ಬೆರಳು ಉರಿಯುತ್ತಿದ್ದರೂ ತೊಟ್ಟು ಮುರಿಯುವ ಹೆಂಗಸಿಗೆ ಬೇರೆ ಯಾರು ಕೈ ಮುಗಿಯುತ್ತಾರೆ?

ನೀಲವ್ವ ತೀರಿ ಇಪ್ಪತ್ತು ವರ್ಷವಾಯಿತು. ಚೌಡವ್ವನಿಗೆ ಈಗ ಐವತ್ತೆಂಟು. ಗಂಡ ಇಲ್ಲ. ಮಗ ಯುವರಾಜ ಗೂಡ್ಸ್ ಗಾಡಿ ಓಡಿಸುತ್ತಾನೆ, ಸೊಸೆ ಕಾವೇರಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಐದಾರು ವರ್ಷಗಳ ಹಿಂದೆ ಚೌಡವ್ವನಿಗೆ ಸೊಂಟ ಹಿಡಿಯತೊಡಗಿತು. ದಪ್ಪ ಮೈಯವರನ್ನು ಹೊರಸಿನ ಮೇಲೆ ಹಿಡಿದು ಹೊರಳಿಸುವುದು ಆಗದಾಯಿತು. ಬರುವವರಿಗೂ ಮೊದಲಿನಂತೆ ಮೂಗಿನ ಉರಿ ತಡೆದುಕೊಳ್ಳುವ ತಾಳ್ಮೆ ಇರಲಿಲ್ಲ. ಆಗ ಕಾವೇರಿ, "ಅತ್ತೀ, ಕುಡಿಯೂದನ್ನಷ್ಟ ಪುಡಿ ಮಾಡಿ ಪೊಟ್ಟಣ ಕಟ್ಟಿ ಕೊಡೋಣ್ರಿ. ಹನಿ ಬ್ಯಾಡ, ಹೊರಸೂ ಬ್ಯಾಡ" ಎಂದಳು. ಹಾಗೇ ಆಯಿತು. ಹೊರಸು ಹಿತ್ತಿಲ ಗೋಡೆಗೆ ಒರಗಿತು. ಪೊಟ್ಟಣ ಒಯ್ದವರು ಹೊರಸಿನ ಕಾಲದವರಷ್ಟು ಮರಳಿ ಬಂದು ಹೇಳುತ್ತಿರಲಿಲ್ಲ. ವಾಸಿಯಾಗಿರಬೇಕು, ಅದಕ್ಕೇ ಬರುತ್ತಿಲ್ಲ ಎಂದು ಚೌಡವ್ವ ಅಂದುಕೊಂಡಿದ್ದಳು.

ಹೋದ ಫೆಬ್ರವರಿ. ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಸುಗ್ಗಿ ಜೋರಾಗಿತ್ತು. ಒಂದು ಮುಂಜಾನೆ ಚೌಡವ್ವ ಹಾಸಿಗೆಯಲ್ಲಿ ಎಡಕ್ಕೆ ಹೊರಳಿದಳು, ಮನೆ ತಿರುಗಿತು. ಜಂತಿ, ಗೋಡೆ, ಕ್ಯಾಲೆಂಡರ್ ಎಲ್ಲ ಬುಗುರಿಯ ಹಾಗೆ ಒಂದೇ ಸಮನೆ ಸುತ್ತಿದವು. ಅವಳು ಹಾಸಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಿದ್ದಿದ್ದಳು. ಅರ್ಧ ನಿಮಿಷವೋ ಒಂದು ನಿಮಿಷವೋ, ಮೆಲ್ಲಗೆ ನಿಂತಿತು. ಅವಳಿಗೆ ಮೊದಲು ಆದದ್ದು ಹೆದರಿಕೆಯಲ್ಲ, ನಾಚಿಕೆ. ಕಾವೇರಿಗೂ ಹೇಳದೆ, ತಾನೇ ಕಟ್ಟಿದ ಪೊಟ್ಟಣ ಬಿಚ್ಚಿ ನೆನೆಹಾಕಿ ಕುಡಿದಳು. ಮರುದಿನವೂ ತಿರುಗಿತು. ಇನ್ನೆರಡು ಚಮಚ ಹೆಚ್ಚು ಹಾಕಿ ಕುಡಿದಳು. ನಾಲ್ಕನೆಯ ದಿನ ಯಾರ್ಡಿನ ಶೆಡ್ಡಿನಲ್ಲಿ ಬುಟ್ಟಿ ತೆಗೆದುಕೊಳ್ಳಲು ಎಡಕ್ಕೆ ಬಾಗಿದವಳು ಹಾಗೇ ಮೆಣಸಿನಕಾಯಿ ರಾಶಿಯ ಮೇಲೆ ಮಗುಚಿದಳು.

ಹೆಂಗಸರು ಎತ್ತಿ ಕೂರಿಸಿ ನೀರು ಕೊಟ್ಟರು. ಅವರಲ್ಲಿ ಸೈದಾಬಿ ಮುಂದೆ. ಹದಿನೈದು ವರ್ಷದ ಹಿಂದೆ ಚೌಡವ್ವನ ಹೊರಸಿನ ಮೇಲೆ ಬವಳಿ ಕಳೆದುಕೊಂಡವಳು, ಅಂದಿನಿಂದ ಅವಳ ಪಕ್ಕದಲ್ಲೇ ಕುಳಿತು ತೊಟ್ಟು ಬಿಡಿಸುವವಳು.

"ಅಲ್ಲಕ್ಕಾ, ಇದು ಬವಳಿ ಅಲ್ಲೇನು?" ಎಂದಳು ಸೈದಾಬಿ.

"ಹೌದು."

"ಔಷಧ ಕುಡದಿಲ್ಲೇನು?"

"ನಾಕ ದಿನ ಆತು ಕುಡಿಯಾಕತ್ತು."

ಸೈದಾಬಿ ಅವಳ ಮುಖವನ್ನೇ ನೋಡಿದಳು. "ಮತ್ತ ನಿನ್ನ ಔಷಧ ನಿನಗ ಯಾಕ ಹತ್ತವಲ್ದು?"

ಅದನ್ನೇ ಚೌಡವ್ವ ನಾಲ್ಕು ದಿನದಿಂದ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದಳು.

ಸುದ್ದಿ ಓಣಿಯೆಲ್ಲ ಹಬ್ಬಿತು. ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬಳು ಉಳ್ಳಾಗಡ್ಡಿ ಮೂಸು ಎಂದಳು, ಇನ್ನೊಬ್ಬಳು ತುಳಸಿ ರಸಕ್ಕೆ ಜೇನು ಎಂದಳು. ಕಾವೇರಿ ಮೊಬೈಲಿನಲ್ಲಿ ಹುಡುಕಿದರೆ ಅದರಲ್ಲಿ ಇನ್ನೂ ಗೊಂದಲ. ಒಬ್ಬ ಶುಂಠಿ ರಾಮಬಾಣ ಎನ್ನುತ್ತಾನೆ, ಇನ್ನೊಬ್ಬ ಶುಂಠಿ ಪಿತ್ತ ಕೆರಳಿಸುತ್ತದೆ, ಮುಟ್ಟಲೇಬಾರದು ಎನ್ನುತ್ತಾನೆ. ಮೂರನೆಯವನು ಎಲ್ಲೋ ಚೀನಾದ ಕಡೆಯ ಗಿಂಕೋ ಎಂಬ ಮರದ ಎಲೆಯ ಗುಳಿಗೆ ತೋರಿಸಿ, ಇಡೀ ಜಗತ್ತೇ ಒಪ್ಪಿದ ಔಷಧ ಎಂದ. "ಎಲ್ಲಾರೂ ಅಷ್ಟ ಖಾತ್ರಿಲೇ ಹೇಳತಾರಲ್ರಿ ಅತ್ತೀ" ಎಂದಳು ಕಾವೇರಿ. ಚೌಡವ್ವನೂ ನಲವತ್ತು ವರ್ಷ ಅಷ್ಟೇ ಖಾತ್ರಿಯಿಂದ ಹೇಳಿದ್ದಳು.

"ಪೊಟ್ಟಣದ ಮಾತು ಬಿಡು. ಹೊರಸು ತಗಸು" ಎಂದಳು ಸೈದಾಬಿ. ಹಿತ್ತಿಲಿನಿಂದ ಹೊರಸು ಬಂತು. ಕಾವೇರಿ ಕಾಲು ಹಿಡಿದಳು, ಸೈದಾಬಿ ತಲೆ ಹಿಡಿದಳು, ಚೌಡವ್ವ ಮಲಗಿದಲ್ಲಿಂದಲೇ ಹೇಳಿಕೊಟ್ಟಳು. ಬಲಕ್ಕೆ, ಹನಿ, ನೂರು. ಏನೂ ಆಗಲಿಲ್ಲ. ಎಡಕ್ಕೆ ತಿರುಗಿಸಿದರು. ಅಷ್ಟೇ, ಜಗತ್ತು ಕಿತ್ತುಕೊಂಡು ಸುತ್ತತೊಡಗಿತು. ಮೂಗಿನಲ್ಲಿ ಶುಂಠಿ ಉರಿ ಬೇರೆ. ಅವಳು ಬೂದಿಯ ಬೋಗುಣಿಯಲ್ಲಿ ಬೆಳಗಿನ ರೊಟ್ಟಿಯನ್ನೆಲ್ಲ ವಾಂತಿ ಮಾಡಿದಳು. ಮರುದಿನ ಹಾಸಿಗೆಯಲ್ಲಿ ಹೊರಳಿದಾಗ ಬವಳಿ ಇದ್ದಲ್ಲೇ ಇತ್ತು.

ಅದೇ ವಾರ ಇನ್ನೊಂದು ಸುದ್ದಿ ಬಂತು. ಯಾರ್ಡಿನ ಹಮಾಲ ಚಂದ್ರಪ್ಪ ಚೀಲ ಹೊತ್ತು ನಡೆಯುವಾಗ ಕಾಲು ಸೋತು ಕುಸಿದು ಬಿದ್ದು, ಹಾವೇರಿಯ ಆಸ್ಪತ್ರೆ ಸೇರಿದ್ದಾನೆ. ಬಿಪಿ ವಿಪರೀತ ಏರಿದೆ, ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಒಂದು ಅಂಶ ಇಳಿದಿದೆಯಂತೆ. ಚೌಡವ್ವನಿಗೆ ನೆನಪಾಯಿತು. ಚಂದ್ರಪ್ಪ ಎದ್ದರೆ ಬವಳಿ ಬರುತ್ತದೆ ಎಂದು ದೀಪಾವಳಿಯ ಹೊತ್ತಿನಿಂದ ಅವಳ ಪೊಟ್ಟಣ ಒಯ್ಯುತ್ತಿದ್ದ. ರುಚಿಯಾಗಿದೆ ಎಂದು ದಿನಕ್ಕೆ ಎರಡು ಸಲ ಕುಡಿಯುತ್ತಿದ್ದ. ಆ ರುಚಿ ಜೇಷ್ಠಮಧುವಿನದು. ತನ್ನ ಔಷಧದಿಂದ ಒಳ್ಳೆಯದು ಆಗದೆ ಇರಬಹುದು, ಆದರೆ ಕೆಟ್ಟದ್ದು ಆಗುವುದು ಹೇಗೆ? ಇದು ಅವಳ ತಲೆಗೆ ಹೋಗಲೇ ಇಲ್ಲ. ಹವೀಜ ಅಡುಗೆಯದು, ಶುಂಠಿ ಚಹಾದ್ದು, ನೆಲ್ಲಿಕಾಯಿಯನ್ನು ಚಿಕ್ಕ ಮಕ್ಕಳೂ ತಿನ್ನುತ್ತಾರೆ.

ಯುವರಾಜ ಇನ್ನು ಯಾರ ಮಾತನ್ನೂ ಕೇಳಲಿಲ್ಲ. ರಾಣೆಬೆನ್ನೂರಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು ಪದ್ಮಜಾ ಎಂಬುವರು ಇದ್ದಾರೆ, ಬವಳಿಗೆ ಅವರು ಒಳ್ಳೆಯವರು ಎಂದು ಗಾಡಿಯವರಿಂದ ಕೇಳಿ, ಅವ್ವನನ್ನೂ ಹೆಂಡತಿಯನ್ನೂ ಬಸ್ ಹತ್ತಿಸಿದ. ಬಸ್ಸಿನಲ್ಲಿ ಚೌಡವ್ವ ಕಂಬಿಗೆ ಹಣೆ ಹಚ್ಚಿಕೊಂಡು, ಕುತ್ತಿಗೆ ಅಲುಗಿಸದೆ ಕುಳಿತಿದ್ದಳು. "ನಾ ಔಷಧ ಕೊಡತೇನಂತ ಅಲ್ಲಿ ಹೇಳಬ್ಯಾಡ" ಎಂದು ಕಾವೇರಿಗೆ ಎರಡು ಸಲ ಹೇಳಿದಳು.

ಪದ್ಮಜಾ ನಲವತ್ತೈದರ ಆಸುಪಾಸಿನ, ಕನ್ನಡಕ ಹಾಕಿದ ಹೆಣ್ಣುಮಗಳು. ಅವಸರವಿಲ್ಲದೆ ಕೇಳಿದರು. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಕಿವಿ ಮಂದವಾಗಿದೆಯೇ, ಮಾತು ತೊದಲಿತೇ, ಕೈಕಾಲು ಸೋತವೇ, ಕುತ್ತಿಗೆ ನೋವಿದೆಯೇ. ಕೈ ಮುಂದೆ ಚಾಚಿಸಿದರು, ಗೆರೆಯ ಮೇಲೆ ನಡೆಸಿದರು. ಆಮೇಲೆ ಎತ್ತರದ ಮಂಚದ ಮೇಲೆ ಕೂರಿಸಿ, "ಅಮ್ಮಾ, ಈಗ ನಿಮ್ಮನ್ನ ಲಗೂನ ಹಿಂದಕ್ಕ ಮಲಗಸ್ತೀನಿ. ತಲಿ ಸ್ವಲ್ಪ ಕೆಳಗ ಜೋತುಬೀಳ್ತದ. ತಿರುಗಿದ್ರೂ ಕಣ್ಣು ಮುಚ್ಚಬ್ಯಾಡ್ರಿ. ನಾ ಹಿಡದೀನಿ" ಎಂದರು.

ಮುಖ ಎಡಕ್ಕೆ ತಿರುಗಿಸಿ ಹಿಂದಕ್ಕೆ ಒರಗಿಸಿದರು. ತಲೆ ಮಂಚದ ಅಂಚಿನಾಚೆ ಇಳಿಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೋಣೆ ಸುತ್ತತೊಡಗಿತು. ಆ ಸುತ್ತಿನಲ್ಲೂ ಚೌಡವ್ವನಿಗೆ ಬೇರೆಯದೇ ಒಂದು ದಿಗಿಲು ಹುಟ್ಟಿತು. ಇದು ನಮ್ಮ ಹೊರಸು. ಇವರಿಗೆ ಯಾರು ಹೇಳಿದರು?

"ಹಾಂ, ಎಡಗಿವಿದು. ಕಣ್ಣು ಹೆಂಗ ಕುಣೀತಾವ ನೋಡ್ರಿ" ಎಂದು ಡಾಕ್ಟರು ಕಾವೇರಿಗೆ ತೋರಿಸಿದರು. ಸುತ್ತು ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಮುಖವನ್ನು ಬಲಕ್ಕೆ ತಿರುಗಿಸಿ ಹಿಡಿದರು. ಆಮೇಲೆ ಮೈಯನ್ನು ಬಲಕ್ಕೆ ಹೊರಳಿಸಿ, ಮುಖ ನೆಲದ ಕಡೆ ಮಾಡಿಸಿದರು. ಚೌಡವ್ವ ತನಗೆ ಗೊತ್ತಿಲ್ಲದೆಯೇ ನೂರು ಎಣಿಸುತ್ತಿದ್ದಳು. ಕೊನೆಗೆ ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಹನಿ ಇಲ್ಲ, ಕುಡಿಯುವುದು ಇಲ್ಲ, ಇಂಜೆಕ್ಷನ್ನೂ ಇಲ್ಲ. ಹತ್ತು ನಿಮಿಷ ಹೊರಗೆ ಕೂರಿಸಿ, ಕರೆದು ಮತ್ತೊಮ್ಮೆ ಎಡಕ್ಕೆ ಮಲಗಿಸಿ ನೋಡಿದರು. ಕೋಣೆ ಕದಲಲಿಲ್ಲ.

ಚೌಡವ್ವ ಮಂಚದ ಮೇಲೆ ಕುಳಿತಲ್ಲೇ ಅಳತೊಡಗಿದಳು. ಡಾಕ್ಟರು ಹೆದರಿದರು. "ಯಾಕಮ್ಮಾ, ಮತ್ತ ತಿರುಗ್ತೇನು?"

"ಇಲ್ರಿ ಬಾಯಾರ. ಹೋತು. ಹೋದದ್ದಕ್ಕ ಅಳಾಕತ್ತೇನಿ." ಹೇಳಬಾರದು ಎಂದುಕೊಂಡದ್ದನ್ನೆಲ್ಲ ಆಗ ಹೇಳಿಬಿಟ್ಟಳು. ನೀಲವ್ವ, ಹೊರಸು, ಹನಿ, ಪೊಟ್ಟಣ, ಎಲ್ಲ.

ಪದ್ಮಜಾ ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. "ಇನ್ನೊಮ್ಮೆ ಹೇಳ್ರಿ. ಮೊದಲು ಯಾವ ಕಡೆ ತಿರುಗಸ್ತೀರಿ?"

"ಬಲಕ್ಕ. ಯಾವಾಗ್ಲೂ ಬಲಕ್ಕ. ನಮ್ಮತ್ತಿ ಎಡಕ್ಕ ಮೊದಲ ಮಾಡಬಾರದು ಅಂತಿದ್ಲು."

"ಆಮೇಲೆ ಎಡಕ್ಕ, ಆಮೇಲೆ ಎಡಕ್ಕ ಹೊರಳಿಸಿ ಎಬ್ಬಸೋದು?"

"ಹೌದ್ರಿ."

ಡಾಕ್ಟರು ಗಾಳಿಯಲ್ಲಿ ಕೈ ತಿರುಗಿಸಿ ಆ ಕ್ರಮವನ್ನು ಒಮ್ಮೆ ನೋಡಿಕೊಂಡರು. "ನೋಡ್ರಿ, ಕಿವಿಯೊಳಗ ಸಣ್ಣ ಸಣ್ಣ ಸುಣ್ಣದ ಹರಳು ಇರ್ತಾವ. ಅವು ಜಾಗಾ ಬಿಟ್ಟು ಒಳಗಿನ ಕೊಳವಿಗೆ ಹೊಕ್ಕರ, ತಲಿ ಹೊರಳಿಸಿದಾಗ ಹಿಂಗ ತಿರುಗ್ತದ. ತಲಿ ಕ್ರಮವಾಗಿ ತಿರುಗಿಸಿದ್ರ ಅವು ಉರುಳಿ ಮೊದಲಿನ ಜಾಗಾಕ್ಕ ಬರ್ತಾವ. ಬಲಗಿವಿದಾದ್ರ ಬಲದಿಂದ ಸುರು ಮಾಡಬೇಕು, ಎಡಗಿವಿದಾದ್ರ ಎಡದಿಂದ. ನಿಮ್ಮ ಹೊರಸಿನ ಮ್ಯಾಲೆ ಆಗ್ತಿದ್ದದ್ದು ಬಲಗಿವಿಗೆ ಮಾಡೋ ಕ್ರಮದ ಹತ್ತಿರ ಹತ್ತಿರ ಅದ. ನಿಮಗ ಎಡಗಿವಿ ಇತ್ತು. ಅದಕ್ಕ ಹೋಗಲಿಲ್ಲ ಅನಸ್ತದ."

"ಮತ್ತ ಹನಿ?"

"ಹನಿಯಿಂದ ಹರಳು ಸರಿಯೋದಿಲ್ಲ."

"ಕುಡಿಯೂದು?"

"ಶುಂಠಿ ಮ್ಯಾಲೆ ಒಂದಿಷ್ಟು ಸಣ್ಣ ಪರೀಕ್ಷೆ ಆಗ್ಯಾವ. ಹೊಟ್ಟಿ ತೊಳಸೋದು, ವಾಂತಿ ಸ್ವಲ್ಪ ಕಡಿಮಿ ಆಗಬಹುದು. ಬವಳಿನ ನಿಲ್ಲಿಸ್ತದ ಅನ್ನೋಷ್ಟು ಪುರಾವೆ ಇಲ್ಲ. ಹವೀಜ, ನೆಲ್ಲಿಕಾಯಿ ಬವಳಿಗೆ ಹೌದೋ ಅಲ್ಲೋ ಅಂತ ಯಾರೂ ಸರಿಯಾಗಿ ನೋಡಿದ್ದು ನನಗ ಗೊತ್ತಿಲ್ಲ. ನೋಡಿಲ್ಲ ಅಂದ್ರ ಸುಳ್ಳು ಅಂತಲ್ಲ, ಖರೇ ಅಂತಾನೂ ಅಲ್ಲ."

"ಮೊಬೈಲಿನ್ಯಾಗ ಗಿಂಕೋ ಅಂತ ಒಂದು ತೋರಸ್ತಾರ್ರಿ" ಎಂದಳು ಕಾವೇರಿ.

"ಅದರ ಮ್ಯಾಲೆ ಪರೀಕ್ಷೆ ಜಾಸ್ತಿ ಆಗ್ಯಾವ, ಆದ್ರ ಗಟ್ಟಿಯಾಗಿ ಏನೂ ಹೇಳಾಕ ಬರೋದಿಲ್ಲ. ನಮ್ಮ ಗುಳಿಗಿನೂ ಅಷ್ಟ, ಈ ತರದ ಬವಳಿಗೆ ಅವು ಹರಳು ಸರಿಸೋದಿಲ್ಲ. ಜನ ಕೇಳ್ತಾರಂತ ನಾವೂ ಬರೀತೀವಿ."

ಚೌಡವ್ವ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಲು ಏನಾದರೂ ಹುಡುಕುತ್ತಿದ್ದಳು. "ಪೊಟ್ಟಣ ಕುಡದೂ ಎಷ್ಟೋ ಮಂದಿಗೆ ಹೋಗೈತ್ರಿ ಬಾಯಾರ. ಅವರು ಸುಳ್ಳ ಹೇಳ್ಯಾರೇನ್ರಿ?"

"ಸುಳ್ಳಲ್ಲ. ಈ ಬವಳಿ ಎಷ್ಟೋ ಜನಕ್ಕ ಕೆಲವು ವಾರದಾಗ ತಾನ ಹೋಗ್ತದ. ಆವಾಗ ಏನು ಕುಡೀತಿದ್ರೋ ಅದಕ್ಕ ಹೆಸರು ಬರ್ತದ."

ಆಮೇಲೆ ಚಂದ್ರಪ್ಪನ ಮಾತು ಬಂತು. ಜೇಷ್ಠಮಧು ಎಂದ ಕೂಡಲೇ ಡಾಕ್ಟರ ಮುಖ ಗಂಭೀರವಾಯಿತು. ಅದನ್ನು ಬಹಳ ದಿನ, ಹೆಚ್ಚು ಹೆಚ್ಚು ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಕಾಲು ಸೋಲುತ್ತವೆ. ಇದು ಮಾತ್ರ ಚೆನ್ನಾಗಿ ಗೊತ್ತಿರುವ ಸಂಗತಿ. "ಅವರಿಗೆ ಅದರಿಂದನ ಆತು ಅಂತ ರಿಪೋರ್ಟ್ ನೋಡದ ಹೇಳಾಕ ಆಗೋದಿಲ್ಲ. ಆದ್ರ ಆಗಿರಬಹುದು. ಅಲ್ಲಿನ ಡಾಕ್ಟರಿಗೆ ಹೇಳ್ರಿ, ಪುಡಿ ನಿಲ್ಲಿಸ್ರಿ. ಇವತ್ತ."

ಮರಳುವ ಬಸ್ಸಿನಲ್ಲಿ ತಲೆ ತಿರುಗಲಿಲ್ಲ, ಆದರೆ ತಲೆಯೊಳಗೆ ಯಾವುದೂ ನಿಂತಲ್ಲಿ ನಿಲ್ಲಲಿಲ್ಲ. ನಲವತ್ತು ವರ್ಷ ತಾನು ಕೊಟ್ಟದ್ದು ಔಷಧವಲ್ಲ, ಹೊರಳಾಟ ಎಂದಾಯಿತೇ? ನೀಲವ್ವನಿಗೆ ಇದು ಗೊತ್ತಿತ್ತೇ? ಗೊತ್ತಿದ್ದರೆ ಶುಂಠಿ ರಸ ಯಾಕೆ? ಗೊತ್ತಿಲ್ಲದಿದ್ದರೆ ಬೂದಿಯ ಬೋಗುಣಿಯನ್ನು ಸರಿಯಾಗಿ ಎಡಗಡೆಯೇ ಇಡುತ್ತಿದ್ದದ್ದು ಯಾಕೆ? ನೀಲವ್ವನ ಅತ್ತೆ ಯಾರಿಂದ ಕಲಿತಳೋ, ಅವಳ ಬಲಗೈ ಅನುಕೂಲಕ್ಕೆ ಬಲದಿಂದ ಶುರುಮಾಡಿದಳೋ. ಹೊರಸಿನಿಂದ ಎದ್ದು ಕೈ ಮುಗಿದವರ ಮುಖಗಳು ನೆನಪಾದವು. ಕೈ ಮುಗಿಯದೆ, ಗೋಡೆ ಹಿಡಿದುಕೊಂಡು ಹೋದವರ ಮುಖ ನೆನಪಿಸಿಕೊಳ್ಳಲು ನೋಡಿದಳು. ಒಂದೂ ನೆನಪಾಗಲಿಲ್ಲ. ಅಂಥವರು ಇದ್ದರು ಎಂಬುದು ಮಾತ್ರ ಗೊತ್ತಿತ್ತು.

ಮರುದಿನವೇ ಹಾವೇರಿಗೆ ಹೋದಳು. ಚಂದ್ರಪ್ಪ ಹಾಸಿಗೆಯಲ್ಲಿ ಒರಗಿ ಕುಳಿತು ಇಡ್ಲಿ ತಿನ್ನುತ್ತಿದ್ದ. ಆರಾಮಾಗಿದ್ದ. ಚೌಡವ್ವ ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ, "ಚಂದ್ರಪ್ಪ, ನನ್ನ ಪುಡಿಯಿಂದ ಹಿಂಗಾಗಿರಬಹುದಂತ. ತಪ್ಪಾತಪ್ಪಾ" ಎಂದಳು.

ಅವನು ತುತ್ತು ನುಂಗಿ ನಕ್ಕ. "ಯಾರು ಹೇಳಿದ್ರವಾ? ನಿನ್ನ ಪುಡಿ ಕುಡದಾಗಿಂದ ನನಗ ಬವಳಿನ ಇಲ್ಲ. ನೋಡು, ಇಲ್ಲೂ ತಂದೇನಿ." ದಿಂಬಿನ ಕೆಳಗಿನಿಂದ ಪೊಟ್ಟಣ ತೆಗೆದು ತೋರಿಸಿದ.

ಚೌಡವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನ ಬವಳಿ ಹೋದದ್ದು ಖರೆಯೇ ಇರಬಹುದು. ಬಿಪಿ ಏರಿದ್ದೂ ಖರೆ. ಎರಡೂ ಒಂದೇ ಪೊಟ್ಟಣದಿಂದಲೇ? ಅಥವಾ ಒಂದೂ ಅದರಿಂದ ಅಲ್ಲವೇ? ಅವಳು ಪೊಟ್ಟಣ ಕೇಳಿದಳು, ಅವನು ಕೊಡಲೊಲ್ಲೆ ಎಂದ. ಕೊನೆಗೆ ಅವಳೇ ಕೈಯಿಂದ ಕಿತ್ತುಕೊಂಡು, ನರ್ಸನ್ನು ಕರೆದು, ಒಳಗೆ ಏನೇನಿದೆ ಎಂದು ಬಿಡಿಸಿ ಹೇಳಿದಳು. ನರ್ಸು ಬರೆದುಕೊಂಡಳು. "ಜಿಪುಣಿ ಆಗೀದಿ ಚೌಡವ್ವ ನೀ" ಎಂದು ಚಂದ್ರಪ್ಪ ಮುಖ ತಿರುಗಿಸಿದ.

ಮನೆಗೆ ಬಂದು ಉಳಿದ ಪುಡಿಯನ್ನೆಲ್ಲ ತಿಪ್ಪೆಗೆ ಸುರಿದಳು. ಜೇಷ್ಠಮಧು ತೆಗೆದು ಉಳಿದದ್ದನ್ನಾದರೂ ಇಡೋಣವೇ ಎಂದು ಕಾವೇರಿ ಕೇಳಿದಾಗ, "ಏನಂತ ಹೇಳಿ ಕೊಡ್ಲಿ?" ಎಂದಳು.

ಯುಗಾದಿ ಕಳೆದು ಎರಡು ವಾರಕ್ಕೆ ಸೈದಾಬಿ ಬಂದಳು. ಹದಿನೈದು ವರ್ಷದ ಮೇಲೆ ಅವಳಿಗೆ ಮತ್ತೆ ಬವಳಿ. "ಹೊರಸು ಹಾಕು" ಎಂದು ಬಂದವಳೇ ಕುಳಿತಳು. ಚೌಡವ್ವ ರಾಣೆಬೆನ್ನೂರಿಗೆ ನಡೆ ಎಂದಳು. "ನೀ ಇದ್ದೀಯಲ್ಲ, ಅಲ್ಲಿಗೆ ಯಾಕ?" ಎಂದು ಹಟ. ಚೌಡವ್ವ ಪದ್ಮಜಾ ಕೇಳಿದ್ದನ್ನೆಲ್ಲ ಕೇಳಿದಳು. ಮಾತು ತೊದಲುತ್ತದೆಯೇ, ಕೈ ಸೋತಿದೆಯೇ, ಕುತ್ತಿಗೆ ನೋವಿದೆಯೇ. ಯಾವುದೂ ಇಲ್ಲ, ಬಲಕ್ಕೆ ಹೊರಳಿದರೆ ಮಾತ್ರ. ಫೋನ್ ಮಾಡಿ ಡಾಕ್ಟರನ್ನೂ ಕೇಳಿದಳು. ಅವರು, ಕುತ್ತಿಗೆ, ನರದ ತೊಂದರೆ ಇರುವವರಿಗೆ ಇದನ್ನು ಎಂದೂ ಮಾಡಬಾರದು, ಇವರಿಗೆ ಮೆಲ್ಲಗೆ ಒಂದು ಸಲ ಮಾಡಿ, ಹೋಗದಿದ್ದರೆ ಕರೆತನ್ನಿ ಎಂದರು.

ಸೈದಾಬಿಯನ್ನು ಮಲಗಿಸಿ ಬಲಕ್ಕೆ ತಿರುಗಿಸಿದಳು. "ಹನಿ ಹಾಕು" ಎಂದಳು ಸೈದಾಬಿ.

"ಹನಿ ಬ್ಯಾಡಂತ."

"ಹನಿ ಹಾಕದ ಹೆಂಗ ಹೋಗತೈತಿ? ಉರಿ ಹತ್ತಿದ್ರ ತಾನ ಬವಳಿ ಓಡೂದು?"

"ಸುಮ್ನ ಬೀಳು. ನೂರು ಎಣಸಾಕತ್ತೇನಿ."

ಎಡಕ್ಕೆ, ಆಮೇಲೆ ಹೊರಳಿಸಿ, ಆಮೇಲೆ ಎಬ್ಬಿಸಿ. ಸೈದಾಬಿ ಎದ್ದು ಕುಳಿತು, ತಲೆ ಆಚೆ ಈಚೆ ಮಾಡಿ ನೋಡಿ, "ಹೋತಲ್ಲಕ್ಕಾ!" ಎಂದಳು. ಚೌಡವ್ವನ ಉಸಿರು ಹಗುರಾಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಸಂಗತಿ ಕಣ್ಣೆದುರು ತಿಳಿಯಾಯಿತು, ಹನಿಯಲ್ಲ, ಕುಡಿಯುವುದಲ್ಲ, ತಿರುವೇ.

ಅಷ್ಟರಲ್ಲಿ ಸೈದಾಬಿ ಸೆರಗು ಸರಿಮಾಡಿಕೊಳ್ಳುತ್ತ, "ನಾನೂ ಸುಮ್ನ ಬಂದಿಲ್ಲ ಮತ್ತ. ಮೂರು ದಿನದಿಂದ ಮನ್ಯಾಗ ಹವೀಜ, ಶುಂಠಿ ನೆನಸಿ ಕುಡಿಯಾಕತ್ತಿದ್ದೆ. ಇವತ್ತ ಮೂಗಿಗೂ ಎರಡು ಹನಿ ನಾನ ಹಾಕ್ಕೊಂಡ ಬಂದೇನಿ. ನೀ ಹಾಕೂದಿಲ್ಲಂತ ಕಾವೇರಿ ಹೇಳಿದ್ಲು" ಎಂದಳು.

ಈಗ ಯಾವುದರಿಂದ ಹೋಯಿತೆಂದು ಹೇಗೆ ಹೇಳುವುದು? ಚೌಡವ್ವ ಹೊರಸಿನ ಅಂಚಿನಲ್ಲಿ ಕುಳಿತುಬಿಟ್ಟಳು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು. ಸೈದಾಬಿಗೆ ಅದೊಂದೂ ಗೊತ್ತಾಗಲಿಲ್ಲ. ಬೆಳಗಿನಿಂದ ಹಸಿದಿದ್ದೇನೆ, ಏನಾದರೂ ಇದ್ದರೆ ಕೊಡು ಎಂದು ಒಳಗೆ ಹೋಗಿ ತಾನೇ ತಟ್ಟೆಗೆ ರೊಟ್ಟಿ ಹಾಕಿಕೊಂಡಳು.

ಈಗಲೂ ಜನ ಬರುತ್ತಾರೆ. ಚೌಡವ್ವ ಮೊದಲು ಕೂರಿಸಿ ಕೇಳುತ್ತಾಳೆ. ಬಿಪಿ ಗುಳಿಗೆ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಮಾತು ತೊದಲಿತೇ, ಕಿವಿ ಕೇಳಿಸುತ್ತದೆಯೇ. ಹೆಚ್ಚಿನವರನ್ನು ರಾಣೆಬೆನ್ನೂರಿಗೋ ಹಾವೇರಿಗೋ ಕಳಿಸುತ್ತಾಳೆ. ಕೆಲವರು ಬೇಜಾರಾಗಿ, ಮುದುಕಿಗೆ ಸೊಕ್ಕು ಬಂದಿದೆ ಎಂದುಕೊಂಡು ಹೋಗುತ್ತಾರೆ. ಹೊರಳಿದಾಗ ಮಾತ್ರ ತಿರುಗುವವರನ್ನು, ಅದೂ ಪದ್ಮಜಾ ಫೋನಿನಲ್ಲಿ ಹೂಂ ಎಂದವರನ್ನು ಮಾತ್ರ, ಕಾವೇರಿಯ ಸಹಾಯದಿಂದ ಮಲಗಿಸುತ್ತಾಳೆ, ಯಾವ ಕಡೆ ಎಂದು ಎರಡು ಸಲ ಕೇಳಿಕೊಂಡು. ಕೆಲವರದು ಹೋಗುತ್ತದೆ, ಕೆಲವರದು ಹೋಗುವುದಿಲ್ಲ. ಹೋಗದವರ ಹೆಸರನ್ನೂ ಊರನ್ನೂ ಈಗ ಕಾವೇರಿಯಿಂದ ಹಳೆಯ ಕ್ಯಾಲೆಂಡರಿನ ಹಿಂದೆ ಬರೆಸಿಡುತ್ತಾಳೆ. ವಾಸಿಯಾದವರು ಕೈ ಮುಗಿದು, "ಯಾವ ಔಷಧಲೇ ಹೋತವಾ ಇದು?" ಎಂದು ಕೇಳಿದರೆ, ಅವಳು ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಒಂದು ಗಳಿಗೆ ತಡೆಯುತ್ತಾಳೆ. "ಹೋತಲ್ಲಪ್ಪಾ, ಚಲೋ ಆತು. ಮೆಲ್ಲಕ ನಡಕೊಂಡ ಹೋಗು" ಎಂದು ಬಾಗಿಲವರೆಗೆ ಬಂದು ಕಳಿಸುತ್ತಾಳೆ.